ವೆಂಕಟನ ಪೀಪಿ

"ಇಡೀ ಜಿಲ್ಲೆಯಲ್ಲಿ ಜಾಝ್ ಕೇಳುವವರು ನೀವೊಬ್ಬರೇ, ವೆಂಕಟ ಅವರೇ. ಒಬ್ಬರಿಗಾಗಿ ಒಂದು ಚಾನೆಲ್ ನಡೆಸುವುದು ಯಾವ ಕಂಪನಿಯಿಂದಲೂ ಆಗುವ ಮಾತಲ್ಲ," ಎನ್ನುತ್ತ ವಿನುತಾ ಫಾರಮ್ಮನ್ನು ಅವನ ಮುಂದೆ ಸರಿಸಿದಳು.

ಹೊನ್ನಾವರದ ಕಾಸರಕೋಡ ಬಂದರಿನಲ್ಲಿ ಬಲೆಯ ರಾಶಿಯ ಪಕ್ಕ ಅವಳಿಗೊಂದು ಕುರ್ಚಿ ಹಾಕಿಕೊಟ್ಟಿದ್ದರು. ಉಪಗ್ರಹ ರೇಡಿಯೋ ನಡೆಸುವ 'ಗಗನ' ಮತ್ತು 'ಧ್ರುವ' ಎಂಬ ಎರಡು ಕಂಪನಿಗಳು ಒಂದಾಗಲು ಹೊರಟಿದ್ದವು. ಅದಕ್ಕೆ ಚಂದಾದಾರರ ಒಪ್ಪಿಗೆ ಪಡೆಯಲು ಗಗನದ ಹುಬ್ಬಳ್ಳಿ ಕಚೇರಿ ಅವಳನ್ನು ಕಳಿಸಿತ್ತು. ಕುಮಟೆಯಲ್ಲೂ ಭಟ್ಕಳದಲ್ಲೂ ಎಲ್ಲರೂ ಮರುಮಾತಿಲ್ಲದೆ ಸಹಿ ಹಾಕಿದ್ದರು. ಬೋಟು ನಡೆಸುವ ತಾಂಡೇಲ ವೆಂಕಟ ಮಾತ್ರ ತನ್ನ ಬೋಟನ್ನು ಅಂದು ಕಡಲಿಗೆ ಇಳಿಸದೆ ಕೂತು, ಬೆಳಗಿನಿಂದ ಆ ಫಾರಮ್ಮನ್ನು ತಿರುವಿ ತಿರುವಿ ನೋಡುತ್ತಿದ್ದ.

ಅವನ ಸಂಕಟ ಸಣ್ಣದಲ್ಲ. ಕಂಪನಿಗಳು ಒಂದಾದರೆ ಧ್ರುವದವರ ಯಕ್ಷಗಾನದ ಚಾನೆಲ್ ಅವನ ಮನೆಗೂ ಬರುತ್ತಿತ್ತು, ಯಕ್ಷಗಾನವೆಂದರೆ ಅವನಿಗೆ ಪ್ರಾಣ. ಆದರೆ ಹೊಸ ಪಟ್ಟಿಯಲ್ಲಿ ಜಾಝ್ ಇರಲಿಲ್ಲ. ಮೂರು ವರ್ಷದ ಹಿಂದೆ ಯಾವುದೋ ಗುಂಡಿ ಒತ್ತಲು ಹೋಗಿ ಇನ್ನಾವುದನ್ನೋ ಒತ್ತಿದಾಗ ಸಿಕ್ಕ ಸಂಗೀತ ಅದು. ಊದುವವನು ಹಿಡಿದ ರಾಗವನ್ನು ಬಿಟ್ಟು ಎಲ್ಲೆಲ್ಲೋ ಹೋಗುತ್ತಾನೆ, ಇನ್ನೇನು ದಾರಿ ತಪ್ಪಿದ ಎಂದು ಕೇಳುವವನ ಎದೆ ಹಾರುತ್ತದೆ, ಅಷ್ಟರಲ್ಲಿ ಹೊರಟ ಜಾಗಕ್ಕೇ ನಗುನಗುತ್ತ ಬಂದು ಮುಟ್ಟುತ್ತಾನೆ. ದಿನಾ ಕಡಲಿಗೆ ಹೋಗಿ ಬರುವವನಿಗೆ ಅದನ್ನು ಕೇಳಿದರೆ ಮೈಯೆಲ್ಲ ಹಗುರಾಗುತ್ತಿತ್ತು.

"ಎರಡೂ ಇಟ್ಕಂಡ್ರೆ ಎಂತ ಆಗ್ತದೆ, ಅಕ್ಕೋರೇ?"

"ಕೇಳುವವರು ಬೇಕಲ್ಲ! ಒಬ್ಬರೇ ಒಬ್ಬರು..."

ಅಷ್ಟು ಹೊತ್ತು ಪಕ್ಕದಲ್ಲಿ ಮೀನು ಬುಟ್ಟಿ ತೊಳೆಯುತ್ತಿದ್ದ ಹೆಂಡತಿ ಲಕ್ಕಿಗೆ ಇನ್ನು ತಡೆಯಲಾಗಲಿಲ್ಲ. "ಒಬ್ರಾ? ಬಂದರು ಪೂರಾ ಕೇಳ್ತದೆ ಇವ್ರ ಪೀಪಿ! ಕ್ಯಾಸೆಟ್ ತುಂಬ್ಸಿ ತುಂಬ್ಸಿ ಇಪ್ಪತ್ತು ಬೋಟಿಗೆ ಕೊಟ್ಟಿದಾರೆ."

ವೆಂಕಟ ಹೆಂಡತಿಗೆ ಸುಮ್ಮನಿರೆಂದು ಕಣ್ಸನ್ನೆ ಮಾಡಿದ. ಪ್ರಸಾರವನ್ನು ಕ್ಯಾಸೆಟ್ಟಿಗೆ ತುಂಬಿಸಿ ಹಂಚಿದರೆ ಚಂದಾ ರದ್ದು ಎಂದು ರಸೀದಿಯ ಬೆನ್ನಿಗೇ ಅಚ್ಚಾಗಿತ್ತು. ವಿನುತಾ ಪೆನ್ನಿನ ಮುಚ್ಚಳ ಹಾಕಿ ಅವನ ಮುಖ ನೋಡಿದಳು.

"ಅದು ತಪ್ಪು ಅಂತ ಗೊತ್ತಲ್ಲ ನಿಮಗೆ?"

"ಗೊತ್ತು. ಬೋಟಿನ ಮೇಲೆ ರೇಡಿಯೋ ಹಿಡಿಯೂದಿಲ್ಲ, ಅದ್ಕೇ ತುಂಬ್ಸಿದೆ. ಮಾರ್ಲಿಲ್ಲ, ಸುಮ್ನೆ ಕೊಟ್ಟೆ. ಬೇಕಾದ್ರೆ ನನ್ನ ಹೆಸ್ರು ಹೊಡೆದು ಹಾಕಿ, ಅಕ್ಕೋರೇ. ಪೀಪಿ ಮಾತ್ರ ನಿಲ್ಲಿಸ್ಬೇಡಿ."

"ಇಪ್ಪತ್ತು ಬೋಟಿನವರು ಕೇಳುತ್ತಾರೆ ಅಂತ ನಾನು ಹೇಗೆ ನಂಬಲಿ?"

"ಬೋಟು ಬರೂ ಹೊತ್ತಾತು. ಕೂತ್ಕಣಿ, ನೀವೇ ಕೇಳಿ," ಎಂದಳು ಲಕ್ಕಿ.

ಲಕ್ಕಿಗೇನು, ಅಂದುಬಿಟ್ಟಳು. ವೆಂಕಟ ಮಾತ್ರ ಕಡಲಿನತ್ತ ಕತ್ತು ಚಾಚಿದ. ಬಲೆ ತುಂಬಿದ ಬೋಟು, ಹೊಳೆ ಕಡಲು ಸೇರುವ ಅಳಿವೆ ಬಾಯಿ ದಾಟುವಾಗ ಕ್ಯಾಸೆಟ್ಟಿನಲ್ಲಿ ಪದ ಹಾಕಿಕೊಂಡು ಬರುತ್ತದೆ, ಖಾಲಿ ಬೋಟು ತುಟಿಪಿಟಿಕ್ಕೆನ್ನದೆ ಬರುತ್ತದೆ. ಅದು ಬಂದರಿನ ವಾಡಿಕೆ. ಆ ವಾರವಿಡೀ ಒಂದು ಬೋಟೂ ಪದ ಹಾಕಿರಲಿಲ್ಲ.

ಮೊದಲ ಬೋಟು ಬಂತು. ಇಂಜಿನ್ನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಎರಡನೆಯದೂ ಹಾಗೆಯೇ ಬಂತು. ಮೂರನೆಯದು ಬೋಟು ಕಟ್ಟುವ ದಕ್ಕೆಗೆ ತಾಗುವ ಹೊತ್ತಿಗೆ ವಿನುತಾ ಗಡಿಯಾರ ನೋಡಿ ಚೀಲಕ್ಕೆ ಕೈ ಹಾಕಿದಳು. ವೆಂಕಟ ಪೆನ್ನು ಎತ್ತಿಕೊಂಡ. ಒಪ್ಪಿಗೆ ಎಂಬಲ್ಲಿ ಸಹಿ ಹಾಕಿ ಮುಗಿಸಿಬಿಡೋಣ ಎನ್ನಿಸಿತು ಅವನಿಗೆ.

ಆಗ ಅಳಿವೆಯ ಕಡೆಯಿಂದ ಒಂದು ಟ್ರಂಪೆಟ್ ಕೂಗಿತು.

ದಕ್ಕೆಯ ಮೇಲೆ ಕೂತಿದ್ದ ಹೆಂಗಸರೆಲ್ಲ ಒಮ್ಮೆಲೇ ಎದ್ದರು. "ತಿಮ್ಮಪ್ಪನ ಬೋಟು! ಬಂಗಡೆ ಬಿದ್ದಿದೆ!" ಎಂದು ಮೀನು ಮಾರುವ ಮಾದಿ ಬುಟ್ಟಿ ಎತ್ತಿಕೊಂಡು ಓಡಿದಳು. ಅದರ ಹಿಂದೆ ಇನ್ನೊಂದು ಬೋಟು, ಅದರಲ್ಲಿ ಸ್ಯಾಕ್ಸೋಫೋನು. ಅದರ ಹಿಂದೆ ಮತ್ತೊಂದು, ಅದರಲ್ಲಿ ಧಡಧಡನೆ ಡ್ರಮ್ಮು. ಬೋಟಿಗೊಂದು ಕ್ಯಾಸೆಟ್ಟು, ಕ್ಯಾಸೆಟ್ಟಿಗೊಂದು ರಾಗ, ಎಲ್ಲ ಕೂಡಿ ಇಡೀ ಬಂದರೇ ಹುಚ್ಚೆದ್ದು ಕುಣಿಯಿತು. ವೆಂಕಟನ ಕಣ್ಣು ತುಂಬಿ ಬಂತು. ನಾಚಿಕೆಪಡದೆ ಒರೆಸಿಕೊಂಡ.

ವಿನುತಾ ಕುರ್ಚಿ ಬಿಟ್ಟು ಎದ್ದು, ಚಾನೆಲ್ ಪಟ್ಟಿ ಮಾಡುವ ಸಾಹೇಬರಿಗೆ ಫೋನ್ ಹಚ್ಚಿದಳು. ಮೊಬೈಲನ್ನು ಕಡಲಿನತ್ತ ಎತ್ತಿ ಹಿಡಿದಳು.

"ಏನಮ್ಮಾ ಗಲಾಟೆ? ಮದುವೆಮನೆಯಲ್ಲಿದ್ದೀಯಾ?"

"ಇಲ್ಲ ಸರ್, ಹೊನ್ನಾವರದ ಬಂದರಿನಲ್ಲಿ. ಜಾಝ್ ಕೇಳುವವರನ್ನು ಎಣಿಸುತ್ತಿದ್ದೇನೆ."

"ಎಷ್ಟು ಜನ?"

"ಇನ್ನೂ ಬರುತ್ತಲೇ ಇದ್ದಾರೆ, ಸರ್."

ಕ್ಯಾಸೆಟ್ಟಿನ ಸುದ್ದಿಯನ್ನು ಅವಳು ಎತ್ತಲಿಲ್ಲ. ಸಾಹೇಬರು ಆ ಸದ್ದನ್ನು ಇನ್ನಷ್ಟು ಕೇಳಿ, "ಆಯ್ತು, ಪಟ್ಟಿಯಲ್ಲಿ ಸೇರಿಸು," ಎಂದರು. ವಿನುತಾ ಫಾರಮ್ಮಿನಲ್ಲಿ 'ಜಾಝ್ ಉಳಿಸುವುದಾದರೆ ಮಾತ್ರ ಒಪ್ಪಿಗೆ' ಎಂದು ದೊಡ್ಡದಾಗಿ ಬರೆದಳು. ವೆಂಕಟ ಅದರ ಕೆಳಗೆ ಜನ್ಮದಲ್ಲೇ ಹಾಕಿರದಷ್ಟು ದೊಡ್ಡ ಸಹಿ ಹಾಕಿದ.

"ಹದಿನೇಳು ಬೋಟು ಅಂತ ಬರೆಯಲೇ?" ಪದ ಹಾಕಿಕೊಂಡು ಬಂದವನ್ನು ಎಣಿಸಿ ಮುಗಿಸಿ ವಿನುತಾ ಕೇಳಿದಳು.

"ಇಪ್ಪತ್ತು," ಎಂದಳು ಲಕ್ಕಿ.

"ಮೊದಲು ಬಂದ ಮೂರರಲ್ಲಿ ಪದವೇ ಇರಲಿಲ್ಲವಲ್ಲ?"

ಲಕ್ಕಿ ದಕ್ಕೆಯ ತುದಿಗೆ ಕೈ ತೋರಿಸಿದಳು. ಖಾಲಿ ಬಂದ ಆ ಮೂರು ಬೋಟಿನವರು ಕೈಕಟ್ಟಿ ನಿಂತು, ಬೇರೆಯವರ ಪೀಪಿಗೆ ತಲೆದೂಗುತ್ತಿದ್ದರು.

"ಅವ್ರನ್ನೇ ಮೊದ್ಲು ಬರ್ಕಣಿ, ಅಕ್ಕೋರೇ."