ಪುಳಿಯೋಗರೆಯೂ ನೆಕ್ಕರ್ ಕಣಿವೆಯೂ

ನದಿಯು ಮನುಷ್ಯನಿಗೆ ಮುಂದೆ ಸಾಗುವುದನ್ನು ಕಲಿಸುತ್ತದೆ. ನಮ್ಮ ಮನೆಯವರಿಗೆ ಮಾತ್ರ ಕಲಿಸಲಿಲ್ಲ.

ಅಮೆರಿಕದ ರಾಕ್‌ವಿಲ್‌ನ ನನ್ನ ಅಡುಗೆಮನೆಯಲ್ಲಿ ಪುಳಿಯೋಗರೆ ಗೊಜ್ಜು ಕುದ್ದಾಗಲೆಲ್ಲ ಜರ್ಮನಿಯ ನೆಕ್ಕರ್ ಕಣಿವೆ ನೆನಪಾಗುತ್ತದೆ. ನನ್ನ ಬಾಲ್ಯದಲ್ಲಿ ಅಪ್ಪನಿಗೆ ಅಲ್ಲಿ ಕೆಲಸ. ನದಿಯ ದಂಡೆಯಲ್ಲಿ ದಿನವಿಡೀ ಸೈಕಲ್ ತುಳಿದರೆ ಸಂಜೆಗೊಂದು ಕೋಟೆ ಸಿಗುತ್ತಿತ್ತು. ನನಗೆ ಬೇಕಿದ್ದದ್ದು ಆ ಕೋಟೆಯೊಂದೇ. ಒಂದು ಭಾನುವಾರ ಮೂವರೂ ಹೊರಟೆವು. ಅಮ್ಮ ಸೈಕಲ್ಲಿಗೆ ಹೇರಿದ್ದ ಊಟದ ಡಬ್ಬಿಗಳ ಭಾರಕ್ಕೆ ಅಪ್ಪ ಮೊದಲ ಏರಿನಲ್ಲೇ ಏದುಸಿರು ಬಿಟ್ಟರು.

“ಇಲ್ಲೇ ತಿಂದ್ಬಿಡೋಣ ರೀ, ಭಾರ ಕಮ್ಮಿ ಆಗತ್ತೆ,” ಎಂದಳು ಅಮ್ಮ.

“ಇನ್ನೂ ಹನ್ನೊಂದು ಗಂಟೆ ಕಣೇ!”

“ಹಾಗಾದ್ರೆ ಹೊತ್ಕೊಂಡು ತುಳೀರಿ.”

ಪುಳಿಯೋಗರೆ, ಮೊಸರನ್ನ, ಸಂಡಿಗೆಗಳೆಲ್ಲ ಸೈಕಲ್ಲಿನಿಂದ ಹೊಟ್ಟೆಗೆ ವರ್ಗವಾದವು. ಸೈಕಲ್ಲು ಹಗುರಾಯಿತು. ಅಪ್ಪ ಹುಲ್ಲಿನ ಮೇಲೆ ಒರಗಿದರು.

“ಅಪ್ಪಾ, ಕೋಟೆ?” ಎಂದೆ.

“ನೂರಾರು ವರ್ಷದಿಂದ ಅಲ್ಲೇ ಇದೆ ಪುಟ್ಟಾ, ಎಲ್ಲೂ ಓಡಿಹೋಗಲ್ಲ,” ಎಂದು ಕಣ್ಣು ಮುಚ್ಚಿದರು.

ಅವರು ಎದ್ದಾಗ ಬಿಸಿಲು ಇಳಿದಿತ್ತು. ನಾವು ರೈಲಿನಲ್ಲಿ ಮನೆಗೆ ಮರಳಿದೆವು.