ಹಿಟ್ಟಿನ ಕೆಮ್ಮು

"ಹೊಟ್ಟೆ ಹೇಗಿದೆ?" ಅಂತ ಎದೆಯ ಡಾಕ್ಟರು ಕೇಳಿದಾಗ ಬೇಕರಿಯವನು ಎದೆ ಒತ್ತಿಕೊಂಡೇ ನಕ್ಕ.

"ಕೆಮ್ಮೋದು ಬಾಯಲ್ಲಿ ಅಲ್ವಾ ಮೇಡಂ? ಇದು ಹಿಟ್ಟಿನ ಕೆಮ್ಮು. ನಮ್ಮ ಕೆಲಸದವರಿಗೆಲ್ಲ ಇದ್ದದ್ದೇ."

"ಹಿಟ್ಟಿನ ಕೆಲಸ ಬಿಟ್ಟು ವರ್ಷವಾಯ್ತು ಅಂದ್ರಿ?"

ಬಿಟ್ಟಿದ್ದು ನಿಜ. ಮೂಟೆ ಬಿಚ್ಚಿದಾಗ ಏಳುವ ಮೈದಾ ಧೂಳೇ ಕಾರಣವೆಂದು ಎಲ್ಲರೂ ಹೇಳಿದ್ದರು. ಹೆಂಡತಿಯೂ ಹಟ ಹಿಡಿದಿದ್ದಳು. ಬೆರಳು ತಾಕಿಸಿದರೆ ಸಾಕು, ಹಿಟ್ಟು ಹದಕ್ಕೆ ಬಂತೋ ಇಲ್ಲವೋ ಹೇಳುತ್ತಿದ್ದ ಮನುಷ್ಯ ಒಲೆ ಬಿಟ್ಟು ಗಲ್ಲಾಪೆಟ್ಟಿಗೆಯ ಹಿಂದೆ ಕೂತ. ಕೆಮ್ಮು ಅಲ್ಲಿಗೂ ಬಂತು. ಬೆಳಗಾದರೆ ಬಟ್ಟಲು ತುಂಬ ಕಫ. ಈಗ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರೂ ಉಸಿರು ಸಾಲದು.

ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದರು. "ಶ್ವಾಸನಾಳಗಳು ಹಿಗ್ಗಿ ಹಾಳಾಗಿವೆ. ಬರೀ ಧೂಳಿನಿಂದ ಅಂತ ನನಗೆ ಅನ್ನಿಸ್ತಿಲ್ಲ. ಕರುಳಲ್ಲಿ ಹುಣ್ಣಿರೋ ಕೆಲವರಿಗೆ ಎದೆಯೂ ಹೀಗೆ ಕೆಡುತ್ತೆ. ಅದಕ್ಕೇ ಕೇಳಿದ್ದು. ಭೇದಿ? ರಕ್ತ?"

"ಛೆ ಛೆ, ಅಂಥದ್ದೇನೂ ಇಲ್ಲ. ಕಲ್ಲು ತಿಂದ್ರೂ ಕರಗುತ್ತೆ."

"ಇದೆ," ಅಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ. "ರಕ್ತ ಹೋಗುತ್ತೆ. ದೊಡ್ಡ ಮಗಳು ಹುಟ್ಟೋಕೆ ಮುಂಚಿನಿಂದ."

ಅವನ ಕಿವಿ ಕೆಂಪಾಯಿತು. "ನಿಂಗೆ ಹೇಗೆ..."

"ಬಟ್ಟೆ ಒಗೆಯೋದು ಯಾರು ಅಂದ್ಕೊಂಡ್ರಿ?"

ಡಾಕ್ಟರು ಹಾಳೆಯನ್ನು ಕೆಳಗಿಟ್ಟರು. "ಕರುಳಿನ ಪರೀಕ್ಷೆ ಇವತ್ತೇ ಶುರು ಮಾಡೋಣ. ಅದೇ ಆಗಿದ್ರೆ, ಇನ್ನಷ್ಟು ಕೆಡದ ಹಾಗೆ ಔಷಧಿ ಕೊಟ್ಟು ನೋಡಬಹುದು. ಕೆಟ್ಟಿರೋದು ಮಾತ್ರ ಮತ್ತೆ ಮೊದಲಿನ ಹಾಗೆ ಆಗಲ್ಲ. ಕೆಮ್ಮು ಶುರುವಾದಾಗಲೇ ಯಾರಾದರೂ ಒಂದು ಮಾತು ಹೇಳಿದ್ದಿದ್ರೆ..." ಅಷ್ಟಕ್ಕೇ ನಿಲ್ಲಿಸಿ ಪೆನ್ನು ತೆಗೆದುಕೊಂಡರು.

ಹೊರಗೆ ಬೆಂಚಿನ ಮೇಲೆ ಉಸಿರು ಸುಧಾರಿಸಿಕೊಳ್ಳುತ್ತ ಅವನು ಕೇಳಿದ. "ಗೊತ್ತಿದ್ದೂ ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ನೀನು?"

ಅವಳು ಅವನ ಕಡೆ ನೋಡಲಿಲ್ಲ.

"ನನಗೆ ಕೇಳಿಸಬಾರದು ಅಂತ ನೀವು ಕಕ್ಕಸಿನಲ್ಲಿ ನಲ್ಲಿ ಜೋರಾಗಿ ಬಿಟ್ಕೊಳ್ತಿದ್ರಿ. ನಿಮಗೆ ನಾಚಿಕೆಯಾಗಬಾರದು ಅಂತ ನಾನು ಹೊರಗೆ ರೇಡಿಯೋ ಜೋರು ಮಾಡ್ತಿದ್ದೆ."