ಕೆಂಪು ಮೆತ್ತಿದ ಇಸ್ಪೀಟು

ಸ್ಪ್ರೇ ಪೇಂಟಿನ ವಾಸನೆ ಬಂದರೆ ಮುಂಬೈಯ ಭಾಂಡುಪ್‌ನ ನಮ್ಮ ಬಿಲ್ಡಿಂಗಿನ ಆ ಭಾನುವಾರ ಈಗಲೂ ಕಣ್ಣಮುಂದೆ ಬರುತ್ತದೆ. ಚಿಕ್ಕಮ್ಮ ತನ್ನ ಹಳೆಯ ಕಾರಿನ ಚಕ್ರಗಳಿಗೆ ತಾನೇ ಕೆಂಪು ಬಣ್ಣ ಹೊಡೆಯುತ್ತಿದ್ದಳು. ನಾನು ಡಬ್ಬಿ ಕುಲುಕಿ ಕೊಡುತ್ತಿದ್ದೆ. ಟೈರಿಗೆ ಬಣ್ಣ ತಾಗದಂತೆ ಅವಳು ರಿಮ್ಮಿನ ಸುತ್ತ ಅಜ್ಜನ ಇಸ್ಪೀಟೆಲೆಗಳನ್ನು ಸಿಕ್ಕಿಸಿದ್ದಳು.

ಬಾಲ್ಕನಿಯಿಂದ ಅಜ್ಜ ಗದರಿದರು. “ಆಫೀಸಿಗೆ ಹೋಗುವವಳಿಗೆ ರೇಸಿನ ಗಾಡಿ ಎಂಥಕ್ಕೆ ಮಾರಾಯ್ತಿ? ಜನ ನಗಾಡ್ತಾರೆ!”

“ನಗಾಡ್ಲಿ ಅಪ್ಪ. ದಿನಾ ಪರೇಲಿಗೆ ಓಡಿಸುವುದು ನಾನಲ್ವಾ?”

ಸಂಜೆ ಗೆಳೆಯರೊಡನೆ ರಮ್ಮಿಗೆ ಕೂತ ಅಜ್ಜ ಇಸ್ಪೀಟಿನ ಕಟ್ಟು ಬಿಚ್ಚಿದರು. ಎಲೆಗಳಿಗೆಲ್ಲ ಕೆಂಪು ಮೆತ್ತಿತ್ತು. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಜ್ಜ ನಗಲಿಲ್ಲ. “ನಗಾಡುವುದಕ್ಕೆ ಎಂಥ ಉಂಟು? ಅದು ನನ್ನ ಮಗಳ ಗಾಡಿಯ ಬಣ್ಣ. ಆಡುವುದಾದರೆ ಆಡಿ, ಇಲ್ಲದಿದ್ದರೆ ಏಳಿ,” ಎಂದು ಎಲೆ ಹಂಚತೊಡಗಿದರು.